ನನ್ನ ಇನಿಷಿಯಲ್‌ನಲ್ಲಿರೋ ಊರು ಎಲ್ಲಿದೆ? ಸರ್‌ನೇಮ್ ಜಾಗದಲ್ಲಿ ಏನು ಬರೆಯಲಿ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹೊರದೇಶದಲ್ಲಿ ಓದೋಕೆ ಸೀಟು ಸಿಕ್ಕಿದೆ. ಪಾಸ್‌ಪೋರ್ಟ್‌ನಲ್ಲಿ ಅವಳ ಹೆಸರು ಒಂದೇ ಪದ, ಸರ್‌ನೇಮ್ ಕಾಲಂ ಖಾಲಿ. ಹೀಗಿದ್ರೆ ಅಮೆರಿಕದ ವೀಸಾದಲ್ಲಿ ಅವಳ ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕ್ತಾರೆ, ಅಂದ್ರೆ ‘ಹೆಸರು ಗೊತ್ತಿಲ್ಲ’. ತೊಟ್ಟಿಲಿಗೆ ಹಾಕಿ ಕಿವೀಲಿ ಮೂರು ಸಲ ಹೇಳಿ ಇಟ್ಟ ಹೆಸರು. ಅದನ್ನ ಗೊತ್ತಿಲ್ಲ ಅಂತ ಬರೆಸಿಕೊಳ್ಳೋಕೆ ನನಗೆ ಮನಸ್ಸಿಲ್ಲ.

ನಾವು ತುಮಕೂರಿನವರು. ನನ್ನ ಹೆಸರಿನ ಮುಂದೆ ‘ಸಿ.ಎನ್.’ ಇದೆ. ಎನ್ ಅಂದ್ರೆ ಅಪ್ಪ. ಸಿ ಅಂದ್ರೆ ಚಿಕ್ಕಸಂದ್ರ. ತಾತನ ಕಾಗದಪತ್ರದಲ್ಲೂ ಅದೇ ಇದೆ. ಸರ್‌ನೇಮ್ ಬೇಕೇ ಬೇಕು ಅಂದ್ರೆ ಚಿಕ್ಕಸಂದ್ರ ಅಂತಲೇ ಸೇರಿಸೋಣ ಅಂದೆ. ಮಗಳು ‘ಅಪ್ಪಾ, ಆ ಊರು ಎಲ್ಲಿದೆ?’ ಅಂದ್ಲು. ನಾನು ಬಾಯಿ ಬಿಡಲಿಲ್ಲ, ಯಾಕಂದ್ರೆ ಗೊತ್ತಿಲ್ಲ. ಬೆಂಗಳೂರಿನ ಜಾಲಹಳ್ಳಿ ಹತ್ತಿರ ಒಂದು ಚಿಕ್ಕಸಂದ್ರ ಇದೆ, ಅದಲ್ಲ. ನಮ್ಮದು ಮಾಗಡಿ ಕಡೇದು ಅಂತ ದೊಡ್ಡತ್ತೆ ಹೇಳ್ತಾರೆ. ಭೂಪಟದಲ್ಲಿ ಹುಡುಕಿದೆ, ಸಿಗಲಿಲ್ಲ. ಊರೇ ಇಲ್ಲದ ಊರಿನ ಹೆಸರನ್ನ ನಾಲ್ಕು ತಲೆಮಾರಿಂದ ಹೊತ್ತುಕೊಂಡು ತಿರುಗ್ತಿದ್ದೀವಾ? ತಿಳಿದವರು ದಯವಿಟ್ಟು ಹೇಳಿ.

ಹೊಸಬ_ತಿಪಟೂರು:
ಅಪ್ಪನ ಹೆಸರನ್ನ ಸರ್‌ನೇಮ್ ಮಾಡಿಬಿಡಿ ಸಾರ್. ನಾವೆಲ್ಲ ಅದನ್ನೇ ಮಾಡಿರೋದು.

ಕೆರೆಏರಿ:
ಅದೂ ಯೋಚನೆ ಮಾಡಿದೆ. ಆಗ ಅಲ್ಲಿನವರು ಅವಳನ್ನ ನನ್ನ ಹೆಸರಿಂದ ಕರೀತಾರೆ. ಸ್ನೇಹಿತರ ಮಗ ಹೀಗೇ ಹೋದ, ಆಫೀಸಲ್ಲಿ ಎಲ್ಲರೂ ಅವನನ್ನ ಅವರಪ್ಪನ ಹೆಸರಿಂದಲೇ ಕರೀತಾರಂತೆ. ಮಗಳಿಗೆ ಬೇಡ.

ಶಾಲ್ಮಲಾ_ದಂಡಿ:
ಅಣ್ಣಾರ, ನಿಮ್ಮ ತ್ರಾಸ ಓದಿ ನನಗ ನಮ್ಮ ಸಾಲಿ ದಿನ ನೆನಪಾದ್ವು. ನಿಮಗ ಅಡ್ಡಹೆಸರು ಇಲ್ಲಂತ ಚಿಂತಿ. ನಮ್ಮ ಧಾರವಾಡದ ಕಡೆ ಅಡ್ಡಹೆಸರು ಇಲ್ಲದ ಮನೀನ ಇಲ್ಲ. ನನ್ನ ತವರಮನಿ ಅಡ್ಡಹೆಸರು ಮೆಣಸಿನಕಾಯಿ, ಕೊಟ್ಟ ಮನೀದು ಬೇವಿನಮರದ. ಬೆಂಗಳೂರಿಗೆ ಕಲೀಲಿಕ್ಕೆ ಬಂದಾಗ ಹಾಜರಿ ಕರದ್ರ ಇಡೀ ಕ್ಲಾಸ್ ನಗತಿತ್ತು. ಆಗ ಭಾಳ ಅಳು ಬರತಿತ್ತು. ಆಮ್ಯಾಲೆ ನಮ್ಮ ಅಜ್ಜಿ ಹೇಳಿದ್ಲು, ನಮ್ಮ ಮುತ್ತ್ಯಾ ಚಕ್ಕಡಿ ಕಟಗೊಂಡು ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೇರತಿದ್ರು, ಅದರಾಗ ಹನ್ನೆರಡ ಮಂದಿ ಹೊಟ್ಟಿ ತುಂಬಸಿದ್ರು ಅಂತ. ಆವತ್ತಿನಿಂದ ನಾ ಹೆಸರ ಹೇಳೂಮುಂದ ತಲಿ ಎತ್ತೇ ಹೇಳತೀನಿ.

ನಮ್ಮ ಕಡೆ ಏನೇನ ಅದಾವ ನೋಡ್ರಿ: ಉಳ್ಳಾಗಡ್ಡಿ, ಬೆಲ್ಲದ, ಉಪ್ಪಿನ, ಅಕ್ಕಿ, ಸಕ್ಕರಿ, ಹತ್ತಿ, ಅಂಗಡಿ. ಕೆಲಸದ್ದು ಬ್ಯಾರೆ: ಬಡಿಗೇರ, ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ. ಮನಿ ಮುಂದ ಏನಿತ್ತೊ ಅದರ ಮ್ಯಾಲೆ ಇನ್ನೊಂದಿಷ್ಟು: ಹುಣಸಿಮರದ, ಬನ್ನಿಗಿಡದ. ಒಂದ ಬೀದಿ ಅಡ್ಡಹೆಸರು ಓದಿದ್ರ ಆ ಊರಾಗ ನೂರ ವರ್ಷದ ಹಿಂದ ಸಂತಿ ಹೆಂಗ ನಡೀತಿತ್ತು ಅಂತ ಕಣ್ಣಿಗೆ ಕಟ್ಟತೈತಿ.

ಮಾತುಗಾರ:
ಅಕ್ಕಾ, ‘ಬೇವಿನಮರದ’ ಅಂತ ಅರ್ಧಕ್ಕೇ ಯಾಕೆ ನಿಲ್ಲುತ್ತೆ? ‘ಮರದ’ ಆದ್ಮೇಲೆ ಏನೋ ಬರಬೇಕಲ್ವಾ?

ಶಾಲ್ಮಲಾ_ದಂಡಿ:
ಬೇವಿನಮರದ ಮನಿಯವರು ಅಂತ ಇತ್ತರಿ. ‘ಮನಿ’ ಬಿದ್ದಹೋತು, ‘ದ’ ಉಳೀತು. ಗೌಡರ, ಮಡಿವಾಳರ ಅನ್ನೂದೂ ಹಂಗ. ಗೌಡರ ಮನಿಯವರು.

ಕೊಡಗು_ಮಳೆ:
ನಮ್ಮಲ್ಲಿ ಮನೆಹೆಸರು ಮೊದಲು ಬರುತ್ತೆ, ಸ್ವಂತ ಹೆಸರು ಕೊನೆಗೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕೆ.ಎಂ. ಅಂದ್ರೆ ಕೊಡಂದೇರ ಮಾದಪ್ಪ. ಕೊಡಂದೇರ ಅವರ ಒಕ್ಕದ, ಅಂದ್ರೆ ಮನೆತನದ ಹೆಸರು. ಕೊನೆಯ ‘ಎರ’, ‘ಅಂಡ’ ಎಲ್ಲ ನಿಮ್ಮ ‘ರ’, ‘ದ’ ಥರಾನೇ, ಇಂಥವರ ಮನೆಯವರು ಅನ್ನೋ ಅರ್ಥ. 1997ರಿಂದ ಒಕ್ಕಗಳ ನಡುವೆ ಹಾಕಿ ಹಬ್ಬ ನಡೀತಿದೆ. ತಂಡದ ಹೆಸರೇ ಮನೆಹೆಸರು. ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಆಡಿದ ವರ್ಷ ಇದೆ. ಮಗುವಿಗೆ ತನ್ನ ಮನೆಹೆಸರಿನ ಮೇಲೆ ಪ್ರೀತಿ ಬರೋಕೆ ಅದಕ್ಕಿಂತ ಒಳ್ಳೇ ದಾರಿ ನಾನು ಕಂಡಿಲ್ಲ.

ಶಾಸನದ_ಹುಚ್ಚು:
ಅಧಿಕಾರದಿಂದ ಬಂದ ಹೆಸರುಗಳನ್ನೂ ಇಲ್ಲಿ ಸೇರಿಸಲೇಬೇಕು, ಅವು ಬಹಳ ಹಳೆಯವು. ಶಾನುಭೋಗ ಅನ್ನೋ ಪದ ಶಾಸನಗಳಲ್ಲಿ ‘ಸೇನಬೋವ’ ಅಂತ ಬರುತ್ತೆ, ಊರಿನ ಲೆಕ್ಕ ಬರೆಯುವವನು. ಹೆಗಡೆ, ಹೆಗ್ಗಡೆ ಅನ್ನೋದು ‘ಪೆರ್ಗಡೆ’. ಗೌಡ ಅನ್ನೋದು ‘ಗಾಮುಂಡ’, ಆಮೇಲೆ ‘ಗಾವುಂಡ’. ಭಂಡಾರಿ ಅಂದ್ರೆ ಭಂಡಾರ ನೋಡಿಕೊಳ್ಳುವವನು. ಸೆಟ್ಟಿ ಶ್ರೇಷ್ಠಿಯಿಂದ. ಆದಿಲಶಾಹಿ, ಆಮೇಲೆ ಮರಾಠರ ಆಡಳಿತ ಬಂದಾಗ ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಪಾರಸಿ ಮತ್ತು ಮರಾಠಿ ಹುದ್ದೆಗಳು ಮನೆಹೆಸರಾದವು. ಇನಾಮದಾರ, ಜಾಗೀರದಾರ, ಪೋತದಾರ, ಮುಜುಮದಾರ, ಕಿಲ್ಲೇದಾರ ಹೀಗೆ. ಹುದ್ದೆ ಹೋಗಿ ಎಷ್ಟೋ ವರ್ಷ ಆದರೂ ಹೆಸರು ಹೋಗಿಲ್ಲ.

ಗೋಳಗುಮ್ಮಟದ_ನೆರಳು:
ನಮ್ಮ ಮುಸ್ಲಿಮ್ ಮನಿಗೋಳದ್ದೂ ಸೇರಿಸ್ರಿ ಸರ. ಬಾಗವಾನ ಅಂದ್ರ ಹಣ್ಣು, ಕಾಯಿಪಲ್ಲೆ ಮಾರವ್ರು. ಅತ್ತಾರ ಅಂದ್ರ ಅತ್ತರು ಮಾರವ್ರು. ನದಾಫ ಅಂದ್ರ ಹತ್ತಿ ಹಿಂಜವ್ರು, ಪಿಂಜಾರ ಅಂದ್ರೂ ಅದ. ಮಣಿಯಾರ ಬಳಿ ಮಾರವ್ರು. ಶಿಕಲಗಾರ ಅಂದ್ರ ಕತ್ತಿ ಚೂರಿಗೆ ಸಾಣಿ ಹಿಡಿಯವ್ರು. ನಾ ಶಿಕಲಗಾರ. ನಮ್ಮ ಅಜ್ಜನ ಸಾಣಿಗಾಲಿ ಇನ್ನೂ ಮನ್ಯಾಗ ಇಟ್ಟೀನಿ.

ಕುಡ್ಲದಾಕೆ:
ನಮ್ಮ ತುಳುನಾಡಿನದ್ದು ಬೇರೆಯೇ ಕಥೆ ಮಾರಾಯ್ರೆ. ಸಾಲ್ಯಾನ್, ಕೋಟ್ಯಾನ್, ಬಂಗೇರ, ಸುವರ್ಣ, ಕರ್ಕೇರ ಅಂತೆಲ್ಲ ಕೇಳಿದ್ದೀರಲ್ಲ, ಅದು ‘ಬರಿ’, ಅಂದ್ರೆ ಕುಲದ ಹೆಸರು. ಅದು ಅಪ್ಪನಿಂದ ಬರುವುದಲ್ಲ, ಅಮ್ಮನಿಂದ. ಅಳಿಯಸಂತಾನದಲ್ಲಿ ಆಸ್ತಿಯೂ ಹಾಗೆಯೇ ತಾಯಿಯ ಕಡೆಯಿಂದ ಇಳಿಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು, ಆದರೆ ಮದುವೆ ಮಾತಾಡುವಾಗ ಇವತ್ತಿಗೂ ಮೊದಲು ಕೇಳುವುದು ಬರಿ ಯಾವುದು ಅಂತಲೇ. ಒಂದೇ ಬರಿ ಆದ್ರೆ ಅಣ್ಣ ತಂಗಿ ಆಗ್ತದೆ, ಮದುವೆ ಇಲ್ಲ. ಬಿಲ್ಲವರಲ್ಲೂ ಬಂಗೇರ ಉಂಟು, ಮೊಗವೀರರಲ್ಲೂ ಉಂಟು.

ಈಗ ಏನಾಗ್ತಾ ಉಂಟು ಅಂದ್ರೆ, ಮುಂಬೈಯಲ್ಲಿ, ದುಬಾಯಿಯಲ್ಲಿ ಫಾರಂ ತುಂಬಿಸುವಾಗ ಮಗುವಿಗೆ ಅಪ್ಪನ ಬರಿಯನ್ನೇ ಸರ್‌ನೇಮ್ ಅಂತ ಹಾಕ್ತಾರೆ. ಎರಡು ತಲೆಮಾರಿನಲ್ಲಿ ಬರಿ ಉಲ್ಟಾ ಆಗಿಹೋಯ್ತು. ನನ್ನ ಅಜ್ಜಿಗೆ ಇದನ್ನು ಹೇಳಿದಾಗ ಅವರು ಊಟ ಮಾಡದೆ ಎದ್ದು ಹೋದರು. ಕೆರೆಏರಿಯವರೇ, ನಿಮ್ಮ ಹೆಂಡತಿಯ ಕಡೆಯ ಊರು ಯಾವುದು ಅಂತ ಮಗಳಿಗೆ ಗೊತ್ತುಂಟಾ?

ಕೆರೆಏರಿ:
ಒಳ್ಳೇ ಪ್ರಶ್ನೆ ಕೇಳಿದ್ರಿ. ಇಷ್ಟು ದಿನ ನಾನೂ ಕೇಳಿರಲಿಲ್ಲ. ಅವರದ್ದು ಕಡೂರು ಕಡೆ, ಈಗ ಅತ್ತೆಗೆ ಫೋನ್ ಮಾಡಿ ಕೇಳ್ತೀನಿ.

ಹೊಸಬ_ತಿಪಟೂರು:
ಸಂದ್ರ ಅಂದ್ರೆ ಚಂದ್ರ ಅಲ್ವಾ? ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ. ನಮ್ಮ ಮೇಷ್ಟ್ರು ಹಾಗೆ ಹೇಳಿದ್ರು. ಚಂದ್ರವಂಶದ ರಾಜರು ಕಟ್ಟಿಸಿದ ಊರು ಅಂತ.

ಶಾಸನದ_ಹುಚ್ಚು:
ಅಲ್ಲ. ಸಂದ್ರ ಅಂದ್ರೆ ಸಮುದ್ರ. ದೊಡ್ಡ ಕೆರೆ ಕಟ್ಟಿಸಿದವರು ಅದಕ್ಕೆ ಸಮುದ್ರ ಅಂತ ಹೆಸರಿಡ್ತಿದ್ರು, ಅದು ನಾಲಿಗೆ ಮೇಲೆ ಸವೆದು ಸಂದ್ರ ಆಯ್ತು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಆ ಕೆರೆ ಊರ ಪಕ್ಕ ಇವತ್ತಿಗೂ ಇದೆ. ಅನಂತಪುರದ ಹತ್ತಿರ ಬುಕ್ಕರಾಯಸಮುದ್ರ ಇದೆ. ಕಡಲಿಂದ ನೂರಾರು ಮೈಲಿ ದೂರದ ಬಯಲುಸೀಮೆಯ ರೈತನಿಗೆ ಏರಿ ಮೇಲೆ ನಿಂತು ನೋಡಿದ ಆ ನೀರೇ ಸಮುದ್ರ. ಬೆಂಗಳೂರು, ಕೋಲಾರ, ತುಮಕೂರಿನ ಊರ ಹೆಸರೆಲ್ಲ ನೀರಿನ ಪಟ್ಟಿ: ಕೆರೆ, ಕಟ್ಟೆ, ಕುಂಟೆ, ಸಂದ್ರ. ಇಲ್ಲಿ ತುಂಬಿ ಹರಿಯೋ ದೊಡ್ಡ ನದಿ ಇರಲಿಲ್ಲ, ಮಳೆ ನೀರು ಕಟ್ಟಿ ನಿಲ್ಲಿಸಿದ ಕಡೆ ಮಾತ್ರ ಊರಾಯ್ತು.

ಹೊಸಬ_ತಿಪಟೂರು:
ಹಾಗಾದ್ರೆ ಬೆಂಗಳೂರು ಬೆಂದಕಾಳೂರು ಅನ್ನೋದೂ ಸುಳ್ಳಾ? ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಿದ್ದು?

ಶಾಸನದ_ಹುಚ್ಚು:
ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲು ಇದೆ. ಅದರಲ್ಲಿ ‘ಬೆಂಗುಳೂರ ಕಾಳಗ’ ಅಂತ ಕೆತ್ತಿದ್ದಾರೆ. ಗಂಗರ ಕಾಲದ್ದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದ್ರೆ ರಾಜ ಬರೋಕೆ ಹತ್ತಿರ ಹತ್ತಿರ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು.

ಹೊಸಬ_ತಿಪಟೂರು:
ಕಲ್ಲಲ್ಲಿ ಬರೆದಿದ್ದೇ ಸತ್ಯ, ಅಜ್ಜಿ ಹೇಳಿದ್ದು ಸುಳ್ಳು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಕಥೆ ಇಲ್ಲದಿದ್ರೆ ಯಾವ ಮಗು ಊರಿನ ಹೆಸರು ನೆನಪಿಡುತ್ತೆ?

ಶಾಸನದ_ಹುಚ್ಚು:
ಕಥೆ ಹೇಳಿ, ನಾನೂ ನನ್ನ ಮಕ್ಕಳಿಗೆ ಹೇಳಿದ್ದೀನಿ. ಹೇಳಿ ಆದ್ಮೇಲೆ ಬೇಗೂರಿಗೆ ಕರ್ಕೊಂಡು ಹೋಗಿ ಆ ಕಲ್ಲನ್ನೂ ತೋರಿಸಿ ಅನ್ನೋದಷ್ಟೇ ನನ್ನ ಮಾತು. ಹೆಬ್ಬಾಳದಲ್ಲಿ ಆಗಿದ್ದೂ ಇದೇ. 2018ರಲ್ಲಿ ಅಲ್ಲಿ ಸುಮಾರು 750ರ ಒಂದು ವೀರಗಲ್ಲು ಬೆಳಕಿಗೆ ಬಂತು, ಕಿಟ್ಟಯ್ಯ ಅನ್ನೋ ವೀರನದ್ದು. ಅದರಲ್ಲಿ ‘ಪೆರ್ಬೊಳಲ್‌ನಾಡು’ ಅಂತ ಇದೆ. ಪೊಳಲ್ ಅಂದ್ರೆ ಪಟ್ಟಣ, ಪೆರ್ ಅಂದ್ರೆ ಹಿರಿಯ. ಪೆರ್ಬೊಳಲ್ ಬರ್ತಾ ಬರ್ತಾ ಹೆಬ್ಬಾಳ ಆಯ್ತು. ದಿನಾ ಆ ಮೇಲ್ಸೇತುವೆ ಮೇಲೆ ನಿಂತು ಬೈಕೊಳ್ಳೋ ಎಷ್ಟು ಜನಕ್ಕೆ ಗೊತ್ತು, ತಾವು ನಿಂತಿರೋ ಜಾಗದ ಹೆಸರಿಗೆ ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಆಗಿದೆ ಅಂತ?

ಮಾತುಗಾರ:
ಪ ಹೋಗಿ ಹ ಯಾಕೆ ಆಯ್ತು?

ಶಾಸನದ_ಹುಚ್ಚು:
ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಾಗ ಹಕಾರ ಆಯ್ತು. ಪಾಲು ಹಾಲಾಯ್ತು, ಪುಲಿ ಹುಲಿ ಆಯ್ತು, ಪಳ್ಳಿ ಹಳ್ಳಿ ಆಯ್ತು. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳುನಾಡು ಅಂತ ಹೇಳೋ ಪುಲಿಗೆರೆ ಆಮೇಲೆ ಹುಲಿಗೆರೆ ಆಯ್ತು, ಈಗಿನ ಲಕ್ಷ್ಮೇಶ್ವರ ಅದೇ. ಅದರ ಜೊತೆಗೇ ಹೇಳಿರೋ ಕಿಸುವೊಳಲ್ ಅಂದ್ರೆ ಕೆಂಪು ಪಟ್ಟಣ, ಈಗಿನ ಪಟ್ಟದಕಲ್ಲು. ಅಲ್ಲಿನ ಕಲ್ಲಿನ ಬಣ್ಣ ನೋಡಿದವರಿಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ.

ಕುಡ್ಲದಾಕೆ:
ನಮ್ಮ ತುಳುವಿನಲ್ಲಿ ಇನ್ನೂ ಪ ಉಂಟು. ಹುಲಿಗೆ ‘ಪಿಲಿ’, ಹೂವಿಗೆ ‘ಪೂ’. ಮಂಗಳೂರಿನ ಪಿಲಿಕುಳ ಅಂದ್ರೆ ಹುಲಿಯ ಕೊಳ. ಕಾರ್ಕಳದ ಹತ್ತಿರ ‘ಪಳ್ಳಿ’ ಅಂತಲೇ ಒಂದು ಊರು ಉಂಟು. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಎಲ್ಲವೂ ಕಿವಿಗೆ ಬೀಳ್ತದೆ. ಸಣ್ಣ ಊರಿನ ಹೆಸರುಗಳಲ್ಲಿ ಗದ್ದೆಯ ಲೆಕ್ಕ ಉಂಟು: ಬೈಲು ಅಂದ್ರೆ ತಗ್ಗಿನ ನೀರಿನ ಗದ್ದೆ, ಮಜಲು ನಡುವಿನದ್ದು, ಬೆಟ್ಟು ಮೇಲಿನದ್ದು. ಅಡ್ಕ ಅಂದ್ರೆ ಒಣ ಜಾಗ. ಹಿಂದಿನವರು ಹೆಸರು ಕೇಳಿಯೇ ಅಲ್ಲಿ ಎಷ್ಟು ಬೆಳೆ ಬರ್ತದೆ ಅಂತ ಹೇಳ್ತಿದ್ದರು.

ನೀಲಿ_ಆಕಾಶ:
ಎಲ್ಲರೂ ಹೆಸರಿನ ಬಗ್ಗೆ ಹೆಮ್ಮೆಯಿಂದ ಬರೀತಿದ್ದೀರಿ. ಇನ್ನೊಂದು ಕಡೆಯಿಂದ ನೋಡಿದವನ ಮಾತನ್ನೂ ಕೇಳಿ. ನಮ್ಮೂರಲ್ಲಿ ಕೇರಿಯ ಹೆಸರೇ ಜಾತಿಯ ಹೆಸರು. ವಿಳಾಸ ಬರೆದ ತಕ್ಷಣ ಓದಿದವರ ಮುಖ ಬದಲಾಗ್ತಿತ್ತು. ಪಿಯುಸಿಗೆ ಪೇಟೆಗೆ ಬಂದಾಗ ಬಾಡಿಗೆ ಮನೆ ಕೇಳೋಕೆ ಹೋದ್ರೆ ಮೊದಲ ಪ್ರಶ್ನೆ ‘ಅಡ್ಡಹೆಸರು ಏನಪ್ಪಾ’. ಹೇಳಿದ ಮೇಲೆ ಮನೆ ಖಾಲಿ ಇಲ್ಲ. ಮೂರು ಕಡೆ ಹೀಗಾಯ್ತು. ನಾಲ್ಕನೇ ಕಡೆ ಬರೀ ಇನಿಷಿಯಲ್ ಹೇಳಿದೆ, ಮನೆ ಸಿಕ್ಕಿತು. ಆ ಎರಡು ಅಕ್ಷರ ನನಗೆ ಕೊಡೆ ಇದ್ದ ಹಾಗೆ. ಈಗ ನನ್ನ ಮಗನಿಗೆ ಅಡ್ಡಹೆಸರು ಇಟ್ಟಿಲ್ಲ. ಅವನ ತಾತ ಏನು ಕೆಲಸ ಮಾಡ್ತಿದ್ದರು ಅಂತ ಮನೆಯಲ್ಲಿ ಕೂತು ಪೂರ್ತಿ ಹೇಳಿದ್ದೀನಿ, ಆದರೆ ಅದನ್ನ ಅಂಗಿ ಮೇಲೆ ಅಂಟಿಸಿಕೊಂಡು ಓಡಾಡೋದು ಬೇಡ.

ಶಾಲ್ಮಲಾ_ದಂಡಿ:
ತಮ್ಮಾ, ನಿಮ್ಮ ಮಾತಿಗೆ ನಾ ಎದುರು ಹೇಳಂಗಿಲ್ಲ. ನನ್ನ ಅಡ್ಡಹೆಸರು ಕೇಳಿ ಮಂದಿ ನಕ್ರು, ನಿಮ್ಮದ ಕೇಳಿ ಬಾಗಿಲ ಹಾಕಿದ್ರು. ಎರಡೂ ಒಂದ ಅಲ್ಲ. ನಾ ಬರಿಯೂಮುಂದ ಅದನ್ನ ವಿಚಾರ ಮಾಡಬೇಕಿತ್ತು.

ಗೋಳಗುಮ್ಮಟದ_ನೆರಳು:
ಬಾಡಿಗಿ ಮನಿ ವಿಷಯದಾಗ ನಾನೂ ನಿಮ್ಮ ಜೋಡಿ ಅದೀನಿ ತಮ್ಮಾ.

ಶಾಸನದ_ಹುಚ್ಚು:
ಒಪ್ಪುತ್ತೀನಿ. ಒಂದೇ ಒಂದು ವಿಷಯ ಸೇರಿಸ್ತೀನಿ. 12ನೇ ಶತಮಾನದ ಶರಣರು ಕಾಯಕದ ಹೆಸರನ್ನ ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಹಡಪ ಅಂದ್ರೆ ಎಲೆ ಅಡಿಕೆಯ ಚೀಲ. ಕೀಳು ಅಂತ ಜನ ಅಂದ ಕೆಲಸವನ್ನೇ ಹೆಸರಿಗೆ ಸೇರಿಸಿಕೊಂಡು ಅನುಭವ ಮಂಟಪದಲ್ಲಿ ಸರಿಸಮ ಕೂತರು.

ನೀಲಿ_ಆಕಾಶ:
ಗೊತ್ತಿದೆ ಸರ್, ಅದಕ್ಕೇ ಅವರ ವಚನ ನನ್ನ ಮಗನಿಗೆ ಬಾಯಿಪಾಠ. ಆದರೆ ಶರಣರಿಗೆ ಅನುಭವ ಮಂಟಪ ಇತ್ತು. ನನಗೆ ಬೇಕಿದ್ದಿದ್ದು ಒಂದು ಬಾಡಿಗೆ ರೂಮು.

ಮಾತುಗಾರ:
ಈ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಿವೃತ್ತ_ಶೇಕದಾರ:
ಕೆರೆಏರಿಯವರ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕಂದಾಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದವನು, ಹೇಳುತ್ತೇನೆ.

ನಿಮ್ಮ ಊರು ಬಹುಶಃ ‘ಬೇಚಿರಾಕ್ ಗ್ರಾಮ’ ಆಗಿರಬೇಕು. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಪಾರಸಿ ಪದ, ನಮ್ಮ ಕಂದಾಯ ದಾಖಲೆಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಜನ ಬಿಟ್ಟು ಹೋದರೂ ಗ್ರಾಮ ದಾಖಲೆಯಿಂದ ಹೋಗುವುದಿಲ್ಲ. ಗಡಿ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಪಹಣಿಯಲ್ಲಿ ಗ್ರಾಮದ ಹೆಸರು ಅದೇ ಬರುತ್ತದೆ. ಅಕ್ಕಪಕ್ಕದ ಊರಿನವರು ಉಳುತ್ತಿರುತ್ತಾರೆ. ಮನೆ ಮಾತ್ರ ಒಂದೂ ಇರುವುದಿಲ್ಲ. ನೀವು ನೋಡಿದ ಭೂಪಟದಲ್ಲಿ ಮನೆಗಳಿರುವ ಕಡೆ ಮಾತ್ರ ಹೆಸರು ಹಾಕಿರುತ್ತಾರೆ, ಅದಕ್ಕೇ ಸಿಕ್ಕಿಲ್ಲ. ತಾಲ್ಲೂಕಿನ ಗ್ರಾಮ ನಕಾಶೆ ನೋಡಿ, ಅಥವಾ ಆ ಸೀಮೆಗೆ ಹೋಗಿ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಗ್ರಾಮ ಮತ್ತು ಸರ್ವೆ ನಂಬರ್ ಬರುತ್ತದೆ.

ಎರಡನೆಯದು, ಹೆಸರಿನಲ್ಲೇ ದಾರಿ ಇದೆ. ‘ಚಿಕ್ಕ’ ಅಂತ ಇದ್ದರೆ ಹತ್ತಿರದಲ್ಲಿ ‘ದೊಡ್ಡ’ ಇರಬೇಕು. ದೊಡ್ಡಬಳ್ಳಾಪುರ ಚಿಕ್ಕಬಳ್ಳಾಪುರ ಇದ್ದ ಹಾಗೆ, ಹಿರೇಮಗಳೂರು ಚಿಕ್ಕಮಗಳೂರು ಇದ್ದ ಹಾಗೆ. ಸಂದ್ರ ಅಂದರೆ ಕೆರೆ ಅಂತ ಈಗ ಗೊತ್ತಾಯಿತಲ್ಲ. ನಮ್ಮ ಕೆರೆಗಳು ಸರಪಣಿ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರುತ್ತದೆ. ಮೊದಲು ದೊಡ್ಡಸಂದ್ರ ಹುಡುಕಿ. ಅಲ್ಲಿಂದ ಹಳ್ಳ ಹಿಡಿದು ಮೇಲಕ್ಕೋ ಕೆಳಕ್ಕೋ ನಡೆಯಿರಿ.

ಕೆರೆಏರಿ:
ಸರ್, ನಿಮ್ಮ ಕಾಲಿಗೆ ಬಿದ್ದೆ ಅಂದುಕೊಳ್ಳಿ. ದೀಪ ಇಲ್ಲದ ಊರು ಅಂತ ಓದಿದಾಗ ಮೈ ಜುಂ ಅಂತು. ಊರು ಯಾಕೆ ಹೀಗೆ ಬರಿದಾಗುತ್ತೆ?

ನಿವೃತ್ತ_ಶೇಕದಾರ:
ಪ್ಲೇಗು, ಕಾಲರಾ, ಬರ, ದಂಡು ಹಾದು ಹೋಗಿದ್ದು. ಹೆಚ್ಚಾಗಿ ಜನ ಹೇಳುವುದು 1876ರಿಂದ 78ರವರೆಗಿನ ಆ ದೊಡ್ಡ ಬರವನ್ನು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಆಮೇಲೆ 1898ರಲ್ಲಿ ಪ್ಲೇಗು ಬಂತು. ಪ್ಲೇಗಿನ ಭಯಕ್ಕೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೂ ಉಂಟು, ಕೆಲವರು ವಾಪಸ್ ಹೋಗಲೇ ಇಲ್ಲ.

ಸಿಹಿನೀರು_ಬಾವಿ:
ನನಗೆ ಈಗ ಹೊಳೆದಿದ್ದು ಹೇಳ್ತೀನಿ. ಊರಲ್ಲೇ ಉಳಿದವರಿಗೆ ಊರ ಹೆಸರು ಬೇಕಾಗೋದೇ ಇಲ್ಲ. ವಿಜಯಪುರದಲ್ಲೇ ಇರೋರನ್ನ ಯಾರು ವಿಜಯಪುರದವರು ಅಂತ ಕರೀತಾರೆ? ಅಲ್ಲಿಂದ ಇನ್ನೊಂದು ಊರಿಗೆ ಹೋದಾಗ ಆ ಊರಿನವರು ಇಡೋ ಹೆಸರು ಅದು. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ, ಆ ಊರು ಇರೋದು ಆಂಧ್ರದಲ್ಲಿ. ಹಿರೀಕರು ಅಲ್ಲಿಂದ ಬಂದಿದ್ದು, ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವನಹಳ್ಳಿ, ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ. ನಿಮ್ಮ ‘ಸಿ’ ಕೂಡ, ನಿಮ್ಮ ಹಿರೀಕರು ಗಂಟುಮೂಟೆ ಕಟ್ಟಿಕೊಂಡು ಹೊರಟ ದಿನದ ಗುರುತು.

ಹೊಸಬ_ತಿಪಟೂರು:
ಇದು ಚೆನ್ನಾಗಿದೆ. ನಮ್ಮ ‘ಕೆ’ ಯಾವುದು ಅಂತ ಅಪ್ಪನನ್ನ ಈಗಲೇ ಕೇಳ್ತೀನಿ.

ಮಾತುಗಾರ:
ಮಾಗಡಿ ಅಂದ್ರಲ್ಲ, ಜಿಲ್ಲೆಯ ಹೆಸರು ಎಷ್ಟು ಸಲ ಬದಲಾಯ್ತು ನೋಡಿ. ಮೊದಲು ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಆ ರಾಮನಗರವೂ ಮೊದಲು ಕ್ಲೋಸ್‌ಪೇಟೆ, ಬ್ಯಾರಿ ಕ್ಲೋಸ್ ಅನ್ನೋ ಬ್ರಿಟಿಷ್ ರೆಸಿಡೆಂಟನ ಹೆಸರಲ್ಲಿ. ಆ ಬಂಡೆಗಳನ್ನ ನೋಡಿದವರು ರಾಮನಗರ ಅಂತ ಮನಸಾರೆ ಕರೀತಿದ್ರು. ಆ ಹೆಸರನ್ನ ಜಿಲ್ಲೆಯಿಂದ ತೆಗೆದಿದ್ದು ನನಗೆ ಇಷ್ಟವಾಗಲಿಲ್ಲ. ದಿಕ್ಕಿನ ಹೆಸರಲ್ಲಿ ಯಾರಿಗೆ ಪ್ರೀತಿ ಹುಟ್ಟುತ್ತೆ?

ಸಿಹಿನೀರು_ಬಾವಿ:
ಅಲ್ಲಿನ ರೈತರನ್ನ ಕೇಳಿ, ಬೆಂಗಳೂರು ಅಂತ ಬಂದ್ರೆ ಜಮೀನಿಗೆ ಬೆಲೆ ಬರುತ್ತೆ, ಕೆಲಸ ಬರುತ್ತೆ ಅಂತಾರೆ. ಅವರ ಆಸೆ ತಪ್ಪಲ್ಲ.

ಮಾತುಗಾರ:
ಬೆಲೆ ಬಂದಾಗ ಜಮೀನು ಅವರ ಕೈಲಿ ಇರುತ್ತಾ ಅನ್ನೋದೇ ನನ್ನ ಚಿಂತೆ.

ಶಾಲ್ಮಲಾ_ದಂಡಿ:
2014ರ ನವೆಂಬರ್ ಒಂದಕ್ಕ ಹನ್ನೆರಡ ಊರಿನ ಇಂಗ್ಲಿಷ್ ಹೆಸರು ಬದಲಿ ಆದ್ವಲ್ಲ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಎಲ್ಲಾ. ಅದು ಬದಲಿ ಅಲ್ಲರಿ, ನಾವ ಮನ್ಯಾಗ ಹೆಂಗ ಅಂತಿದ್ವಿ ಹಂಗ ಬರದ್ರು ಅಷ್ಟ. ಅದಕ್ಕ ನಂದು ಪೂರ್ತಿ ಒಪ್ಪಿಗಿ ಐತಿ. ಇದ್ದ ಹೆಸರ ತಗದು ಬ್ಯಾರೆ ಇಡೂದು ಬ್ಯಾರೆ ಮಾತು.

ಕೊಡಗು_ಮಳೆ:
ಪಾಂಡವಪುರ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಆಗಿತ್ತು, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದಕ್ಕೆ. ಅದಕ್ಕೂ ಹಿಂದೆ ಹಿರೋಡೆ. ವೈಟ್‌ಫೀಲ್ಡ್ ಹೆಸರೂ ಹಾಗೇ, 1882ರಲ್ಲಿ ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನು, ಅವರ ಸಂಘದ ಮುಖಂಡ ವೈಟ್ ಅನ್ನುವವರ ಹೆಸರು. ಈಗ ಅಲ್ಲಿರುವ ಬಹಳ ಜನ ಅದು ಬಿಳಿ ಬಯಲು ಅಂದುಕೊಂಡಿದ್ದಾರೆ.

ಕೆರೆಏರಿ:
ಹದಿನೈದು ದಿನ ಆದ್ಮೇಲೆ ಬರೀತಿದ್ದೀನಿ. ಸಿಕ್ಕಿತು.

ಶೇಕದಾರ್ ಸರ್ ಹೇಳಿದ ಹಾಗೇ ಮೊದಲು ದೊಡ್ಡಸಂದ್ರ ಹುಡುಕಿದೆ. ಎಂಬತ್ತೆರಡು ವರ್ಷದ ದೊಡ್ಡತ್ತೆಯನ್ನ ಕಾರಲ್ಲಿ ಕೂರಿಸಿಕೊಂಡು, ಮಗಳ ಜೊತೆ ಹೋದೆ. ಹಳ್ಳದ ಗುಂಟ ಒಂದೂವರೆ ಮೈಲಿ ಕೆಳಗೆ ಹಳೇ ಏರಿ ಸಿಕ್ಕಿತು. ನಡುವೆ ಒಡೆದುಹೋಗಿದೆ, ತೂಬಿನ ಕಲ್ಲುಕಂಬ ಎರಡು ಮಾತ್ರ ನಿಂತಿವೆ. ಕೆರೆ ಅಂಗಳದಲ್ಲಿ ಯಾರೋ ರಾಗಿ ಬಿತ್ತಿದ್ದಾರೆ. ಮಗಳು ಮೊಬೈಲ್ ತೆರೆದು ನೋಡಿ ‘ಅಪ್ಪಾ’ ಅಂದ್ಲು. ಗ್ರಾಮ: ಚಿಕ್ಕಸಂದ್ರ.

ಕಳೆ ಕೀಳ್ತಿದ್ದ ಹೆಂಗಸೊಬ್ಬರನ್ನ ಈ ಹೊಲಕ್ಕೆ ಏನಂತೀರಮ್ಮ ಅಂತ ಕೇಳಿದೆ. ‘ಚಿಕ್ಕಸಂದ್ರದ ಬಯಲು ಕಣಪ್ಪ, ಊರು ನಮ್ಮತ್ತೆ ಕಾಲಕ್ಕೂ ಇರಲಿಲ್ಲ’ ಅಂದ್ರು. ಹೊಂಗೆ ಮರದ ಕೆಳಗೆ ಅರಿಶಿನ ಕುಂಕುಮ ಹಚ್ಚಿದ ಎರಡು ಕಲ್ಲು ಇವೆ, ಮಾರಮ್ಮ. ಯಾರು ಪೂಜೆ ಮಾಡ್ತಾರೆ ಅಂತ ಕೇಳಿದ್ರೆ, ವರ್ಷಕ್ಕೊಂದು ಸಲ ಪಕ್ಕದ ಊರಿನವರು ಬಂದು ದೀಪ ಹಚ್ಚಿ ಹೋಗ್ತಾರಂತೆ. ದೊಡ್ಡತ್ತೆ ಅಲ್ಲೇ ಕೂತುಬಿಟ್ಟರು, ಅರ್ಧ ಗಂಟೆ ಏಳಲಿಲ್ಲ. ಅವರು ಚಿಕ್ಕ ಹುಡುಗಿ ಇದ್ದಾಗ ಅವರಜ್ಜಿ ಜೋಗುಳದಲ್ಲಿ ಹೊಂಗೆ ಮರದ ಮಾರಮ್ಮ ಅಂತ ಹಾಡ್ತಿದ್ರಂತೆ, ಯಾವ ಮರ ಅಂತ ಇವತ್ತು ಗೊತ್ತಾಯ್ತು ಅಂದ್ರು.

ಮಗಳು ಅಲ್ಲೇ ತೀರ್ಮಾನ ಮಾಡಿದ್ಲು. ಪಾಸ್‌ಪೋರ್ಟಿಗೆ ಚಿಕ್ಕಸಂದ್ರ ಅಂತ ಸೇರಿಸೋಕೆ ಅರ್ಜಿ ಹಾಕಿದ್ದೀವಿ. ಅವಳಮ್ಮನ ಕಡೆಯ ಊರಿನ ಕಥೆಯನ್ನೂ ಬರೆದಿಟ್ಟುಕೊಂಡಿದ್ದಾಳೆ, ಕುಡ್ಲದಾಕೆ ಅವರಿಗೆ ಹೇಳು ಅಂದ್ಲು.

ನಿವೃತ್ತ_ಶೇಕದಾರ:
ಬಹಳ ಸಂತೋಷ. ತೂಬಿನ ಕಲ್ಲಿನ ಮೇಲೆ ಅಕ್ಷರ ಇದೆಯಾ ನೋಡಿದಿರಾ?

ಕೆರೆಏರಿ:
ಏನೋ ಕೆತ್ತಿದ ಹಾಗಿದೆ ಸರ್, ಪಾಚಿ ಕಟ್ಟಿದೆ. ಉಜ್ಜೋಕೆ ಧೈರ್ಯ ಬರಲಿಲ್ಲ.

ಶಾಸನದ_ಹುಚ್ಚು:
ಉಜ್ಜಬೇಡಿ, ಸುಣ್ಣ ಬಳೀಬೇಡಿ, ಯಾರಿಗೂ ಬಳಿಯೋಕೆ ಬಿಡಬೇಡಿ. ಬೆಳಗ್ಗೆ ಎಳೆ ಬಿಸಿಲಲ್ಲಿ ಪಕ್ಕದಿಂದ ಬೆಳಕು ಬೀಳೋ ಹಾಗೆ ಫೋಟೋ ತೆಗೆದು ಕಳಿಸಿ. ಮಾಗಡಿ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟದಲ್ಲಿವೆ, ಇದು ಅದರಲ್ಲಿ ಸೇರಿದೆಯಾ ನೋಡ್ತೀನಿ. ಸೇರಿಲ್ಲ ಅಂದ್ರೆ ನಾನೇ ಬರ್ತೀನಿ.

ಹೊಸಬ_ತಿಪಟೂರು:
ನಮ್ಮ ಅಪ್ಪನನ್ನ ಕೇಳಿದೆ. ‘ಕೆ’ ಅಂದ್ರೆ ಕಟ್ಟಿಗೆಪಾಳ್ಯ ಅಂತೆ, ಎಲ್ಲಿದೆ ಅವರಿಗೂ ಗೊತ್ತಿಲ್ಲ. ಪಾಳ್ಯ ಅಂದ್ರೆ ದಂಡು ಬೀಡು ಬಿಟ್ಟಿದ್ದ ಜಾಗ ತಾನೇ? ಶೇಕದಾರ್ ಸರ್, ಇದಕ್ಕೂ ಏನಾದ್ರೂ ದಾರಿ ಇದೆಯಾ?

ನಿವೃತ್ತ_ಶೇಕದಾರ:
ಯಾವ ಹೋಬಳಿ, ಮನೆದೇವರು ಎಲ್ಲಿ, ಮೊದಲು ಅದನ್ನು ಕೇಳಿಕೊಂಡು ಬಾರಪ್ಪ.